ಕುಂಬಳವೋ ಚೀನಿಕಾಯಿಯೋ: ಗುರುತು ಸಿಗುವಂತೆ ಬೀಜದ ಫೋಟೊ ತೆಗೆಯುವುದು ಹೇಗೆ?

ಮೇ ತಿಂಗಳ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಪತ್ತನಾಜೆಗೆ ಇನ್ನು ನಾಲ್ಕೇ ದಿನ ಎನ್ನುವಾಗ ನನ್ನ ಮೊಬೈಲಿಗೆ ಒಂದು ಫೋಟೊ ಬಂತು. ಒಂದು ಅಂಗೈ, ಅದರ ನಡುವೆ ಬಿಳಿಚಿಕೊಂಡ ನಾಲ್ಕು ಚುಕ್ಕೆಗಳು. ಕೈಯ ರೇಖೆಗಳು ಜ್ಯೋತಿಷಿಗೆ ಸಾಕಾಗುವಷ್ಟು ಸ್ಪಷ್ಟವಾಗಿದ್ದವು, ಬಳೆಯ ಕೆತ್ತನೆಯೂ ಕಾಣುತ್ತಿತ್ತು. ಬೀಜ ಮಾತ್ರ ಮಸುಕು. ಕೆಳಗೆ ಪ್ರಶ್ನೆ: “ಮಾವ, ಅತ್ತೆ ಇದನ್ನು ಕುಂಬಳದ ಬೀಜ ಎಂದು ಕೊಟ್ಟಿದ್ದಾರೆ. ನಮ್ಮ ಊರಿನಲ್ಲಿ ಕುಂಬಳದ ಬೀಜ ಇಷ್ಟು ಸಣ್ಣದಿರುವುದಿಲ್ಲ. ಹಾಕಲೇ, ಬೇಡವೇ?”

ಕೇಳಿದವಳು ನೆರೆಮನೆಗೆ ಹೊಸದಾಗಿ ಬಂದ ಸೊಸೆ. ತವರು ಮೈಸೂರಿನ ಕಡೆ. ಅಲ್ಲಿ ಕುಂಬಳಕಾಯಿ ಎಂದರೆ ಒಳಗೆ ಅರಸಿನ ಬಣ್ಣದ ಸಿಹಿ ಕಾಯಿ. ನಮ್ಮ ಪೆರ್ಲ, ಬದಿಯಡ್ಕದ ಕಡೆ ಅದು ಚೀನಿಕಾಯಿ. ಬರೀ ಕುಂಬಳ ಎಂದರೆ ಇಲ್ಲಿ ಮೈಗೆಲ್ಲ ಬೂದಿ ಬಳಿದುಕೊಂಡ, ಮಜ್ಜಿಗೆಹುಳಿಗೆ ಬೀಳುವ ಕಾಯಿ; ಅವಳ ಊರಿನವರು ಬೂದುಗುಂಬಳ ಎನ್ನುವುದು ಅದನ್ನೇ. ಅತ್ತೆ ಹೇಳಿದ್ದೂ ಸರಿ, ಸೊಸೆಗೆ ಅನುಮಾನ ಬಂದದ್ದೂ ಸರಿ. ತೀರ್ಪು ಹೇಳಬೇಕಾಗಿದ್ದ ಫೋಟೊ ಮಾತ್ರ ಯಾರ ಪಕ್ಷವನ್ನೂ ಹಿಡಿಯಲಿಲ್ಲ.

ಕಾಸರಗೋಡಿನಲ್ಲಿ ಹೆಸರನ್ನಷ್ಟೇ ನಂಬಿ ಬೀಜ ಹಾಕುವುದು ಸ್ವಲ್ಪ ಧೈರ್ಯದ ಕೆಲಸ. ಅಡುಗೆಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಕೃಷಿಭವನದಿಂದ ಬಂದ ಪೊಟ್ಟಣದ ಮೇಲೆ ಮಲಯಾಳ. ಸೌತೆಕಾಯಿ ತುಳುವಿನಲ್ಲಿ ತೌತೆ, ಮಲಯಾಳದಲ್ಲಿ ವೆಳ್ಳರಿ. ಚೀನಿಕಾಯಿ ಒಬ್ಬರಿಗೆ ಕೆಂಬುಡೆ, ಇನ್ನೊಬ್ಬರಿಗೆ ಮತ್ತನ್. ಅಲಸಂಡೆ ಲತ್ತಂಡೆಯಾಗಿ, ಗಡಿ ದಾಟುವಾಗ ಪಯರ್ ಆಗುತ್ತದೆ. ಅದೇ ಪಯರಿನ ಮೊದಲಿಗೆ ‘ಚೆರು’ ಸೇರಿದರೆ ಹೆಸರುಕಾಳು. ಮನೆಯಲ್ಲಿ ಹಿರಿಯರಿದ್ದರೆ ಡಬ್ಬಿ ತೆರೆದು ಬೆರಳಲ್ಲಿ ತಿರುವಿದೊಡನೆ ಹೇಳಿಬಿಡುತ್ತಾರೆ. ಅವರಿಲ್ಲದ ಮನೆಯವರು ಫೋಟೊ ಕಳುಹಿಸುತ್ತಾರೆ, ನನ್ನಂಥವರು ಅದನ್ನು ದೊಡ್ಡದು ಮಾಡಿ ಸಣ್ಣದು ಮಾಡಿ ನೋಡಿ, ಕೊನೆಗೆ “ಬಿತ್ತಿ ನೋಡು” ಎನ್ನುತ್ತೇವೆ.

ಹೀಗೆ ನೋಡಿ ನೋಡಿ ನನಗೆ ಗೊತ್ತಾದದ್ದು ಇಷ್ಟು: ಬೀಜದ ಫೋಟೊ ಅಂದವಾಗಿರಬೇಕಾಗಿಲ್ಲ, ಆ ಬೀಜವನ್ನು ಕಂಡೇ ಇರದವನ ಅನುಮಾನ ತೀರಿಸಿದರೆ ಸಾಕು. ಬಿದಿರಿನ ತಟ್ಟೆ, ಪಕ್ಕದಲ್ಲಿ ಹೂವು, ಹಿಂದೆ ಮಸುಕಾದ ಹಸಿರು, ಇವೆಲ್ಲ ಕ್ಯಾಲೆಂಡರಿಗೆ ಸರಿ. ಮುಂದೆ ಹೇಳುವ ವಿಧಾನಕ್ಕೆ ಬೇಕಾದದ್ದು ಸಾಧಾರಣ ಮೊಬೈಲು, ಶಾಲೆಯ ಮಕ್ಕಳ ಗ್ರಾಫ್ ಕಾಗದ, ಎರಡು ಡಬ್ಬಿ, ಅರ್ಧ ಗಂಟೆ ಬಿಡುವು.

ಮೊದಲು ಬೀಜ, ಆಮೇಲೆ ಮೊಬೈಲು

ಒಂದೇ ಬೀಜದ ಫೋಟೊ ತೆಗೆಯಬೇಡಿ. ಒಂದು ಕಾಯಿಯೊಳಗಿನ ಬೀಜಗಳೇ ಒಂದರಂತೆ ಒಂದು ಇರುವುದಿಲ್ಲ; ನಡುವಿನದು ತುಂಬಿರುತ್ತದೆ, ತುದಿಯದು ಜೊಳ್ಳು. ಹತ್ತು ಬೀಜ ಆರಿಸಿಕೊಳ್ಳಿ. ಎಲ್ಲಕ್ಕಿಂತ ದಪ್ಪನೆಯ, ಲಕ್ಷಣವಾದ ಹತ್ತನ್ನು ಆರಿಸುವ ಆಸೆ ಬರುತ್ತದೆ. ಅದನ್ನು ತಡೆದುಕೊಂಡು, ಕಣ್ಣು ಮುಚ್ಚಿ ಒಂದು ಚಿಟಿಕೆ ತೆಗೆದಾಗ ಕೈಗೆ ಬಂದದ್ದನ್ನೇ ಇಡಿ. ಹೊಸಬರ ಕೈಗೆ ಬರುವುದೂ ಅಂಥ ಬೀಜವೇ.

ಒಣಗಿದ ಬೀಜವೇ ಆಗಬೇಕು. ಕಾಯಿಯಿಂದ ಆಗಷ್ಟೇ ತೆಗೆದದ್ದು ನೀರು ಕುಡಿದು ಉಬ್ಬಿರುತ್ತದೆ, ಹೊಳೆಯುತ್ತದೆ, ಬಣ್ಣವೂ ಗಾಢ. ಹಣ್ಣಾದ ಹಾಗಲದ ಬೀಜವಂತೂ ಕೆಂಪು ಲೋಳೆಯೊಳಗೆ ಕುಳಿತಿರುತ್ತದೆ. ಹಾಗೆಯೇ ಫೋಟೊ ತೆಗೆದರೆ ದಾಳಿಂಬೆ ಎಂದುಕೊಂಡಾರು.

ನಮ್ಮ ಹಳೆಯ ಮನೆಗಳಲ್ಲಿ ಇನ್ನೊಂದು ತೊಡಕು ಉಂಟು. ಸೌತೆಯ ಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿರುತ್ತಾರೆ, ಉಳಿದದ್ದನ್ನು ಬೂದಿಯಲ್ಲಿ ಹೊರಳಿಸಿ ಕುಪ್ಪಿಗೆ ತುಂಬಿರುತ್ತಾರೆ. ಹುಳುವಿನಿಂದ ಕಾಪಾಡಲು ಒಳ್ಳೆಯ ಉಪಾಯ, ಫೋಟೊಕ್ಕೆ ಕೆಟ್ಟದ್ದು. ಬೂದಿಯ ಬೀಜವನ್ನು ಒಣಬಟ್ಟೆಯಲ್ಲಿ ಹಾಕಿ ಮೆಲ್ಲಗೆ ಉಜ್ಜಿ. ಸೆಗಣಿ ಹಿಡಿದದ್ದಾದರೆ ಹತ್ತನ್ನು ಮಾತ್ರ ಬಿಡಿಸಿ, ತೊಳೆದು, ಎರಡು ದಿನ ನೆರಳಲ್ಲಿ ಒಣಗಿಸಿ. ಫೋಟೊ ಆದಮೇಲೆ ಆ ಹತ್ತನ್ನು ಮತ್ತೆ ಕುಪ್ಪಿಗೆ ಹಾಕಬೇಡಿ. ಒಂದು ಹಸಿ ಬೀಜ ಸಾಕು, ಮಳೆಗಾಲದಲ್ಲಿ ಇಡೀ ಕುಪ್ಪಿಗೆ ಬೂಸಲು ಹಿಡಿಸಲು. ಅವನ್ನು ಬಿತ್ತಿಬಿಡಿ. ಹಾಗೆ ಮಾಡಿದರೆ ಮುಂದೆ ಒಂದು ಲಾಭವೂ ಉಂಟು.

ಅಂಗಡಿಯ ಪೊಟ್ಟಣದ ಬೀಜ ಗುಲಾಬಿ, ನೀಲಿ, ಹಸಿರು ಬಣ್ಣದಲ್ಲಿದ್ದರೆ ಅದು ಬೀಜದ ಬಣ್ಣವಲ್ಲ. ಶಿಲೀಂಧ್ರನಾಶಕದ ಜೊತೆಗೆ ಲೇಪಿಸಿದ ಬಣ್ಣ. ಅದನ್ನು ಬರಿಗೈಯಲ್ಲಿ ಮುಟ್ಟದೆ ಚಿಮುಟದಲ್ಲಿ ಎತ್ತಿ. ಫೋಟೊದೊಳಗಿನ ಚೀಟಿಯಲ್ಲಿ ‘ಔಷಧ ಲೇಪಿಸಿದ ಬೀಜ’ ಎಂದು ಬರೆಯಿರಿ. ಇಲ್ಲದಿದ್ದರೆ ಹಾಗಲದ ಬೀಜ ಗುಲಾಬಿ ಬಣ್ಣದ್ದು ಎಂದು ಒಬ್ಬರು ಕಲಿತು, ಹತ್ತು ಮಂದಿಗೆ ಕಲಿಸುತ್ತಾರೆ.

ಜಗಲಿಯ ಬೆಳಕು, ನೆಲದ ಮೋಸ

ನೇರ ಬಿಸಿಲು ಬೇಡ. ಬಿಸಿಲಿನಲ್ಲಿ ಬೀಜದ ಒಂದು ಮಗ್ಗುಲು ಬೆಳ್ಳಗೆ ಸುಟ್ಟಂತೆ, ಇನ್ನೊಂದು ಮಗ್ಗುಲು ಕಪ್ಪು ನೆರಳು. ಮೇಲ್ಮೈಯ ಗೆರೆಗಳು ಎರಡರ ನಡುವೆ ಕಳೆದುಹೋಗುತ್ತವೆ. ಬಲ್ಬಿನ ಬೆಳಕು ಬೇಡ, ಬಣ್ಣ ಕೆಡುತ್ತದೆ. ಫ್ಲಾಶ್ ಬೇಡವೇ ಬೇಡ. ಜಗಲಿಯ ಅಂಚಿನಲ್ಲಿ, ಆಕಾಶ ಕಾಣುವ, ಆದರೆ ಬಿಸಿಲು ಬೀಳದ ಜಾಗ ಉತ್ತಮ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಮಾಡಿದರೆ ಬೆಳಕು ಸ್ವಲ್ಪ ಓರೆಯಾಗಿ ಬಂದು ಬೀಜದ ಉಬ್ಬುತಗ್ಗು ಕಾಣುತ್ತದೆ. ಜೂನ್ ತಿಂಗಳ ಮೋಡದ ದಿನ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಸ್ಟುಡಿಯೊದವರು ಬಿಳಿಬಟ್ಟೆ ಕಟ್ಟಿ ಮಾಡುವ ಕೆಲಸವನ್ನು ನಮಗೆ ಮೋಡವೇ ಮಾಡಿಕೊಡುತ್ತದೆ.

ಆದರೆ ಸುತ್ತ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ. ನಮ್ಮ ಮನೆಯ ಜಗಲಿಗೆ ಕೆಂಪು ಕಾವಿಯ ನೆಲ. ಮೊದಮೊದಲು ಅಲ್ಲಿ ತೆಗೆದ ಫೋಟೊಗಳಲ್ಲಿ ಕುಂಬಳದ ಬೀಜವೂ ಸೌತೆಯ ಬೀಜವೂ ಒಂದೇ ರೀತಿ ಕೆಂಪಡರಿದ್ದವು. ನೆಲ ಬೇಡವೆಂದು ಅಂಗಳಕ್ಕೆ ಹೋದೆ. ಅಡಿಕೆ ನೆನೆಯದಂತೆ ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದೆವು. ಅದರ ಅಡಿಯಲ್ಲಿ ಎಲ್ಲ ಬೀಜವೂ ನೀಲಿ, ನನ್ನ ಬಿಳಿ ಪಂಚೆಯೂ ನೀಲಿ. ನಮ್ಮ ಕಣ್ಣು ಇದಕ್ಕೆ ಬೇಗ ಒಗ್ಗಿಕೊಳ್ಳುವುದರಿಂದ ಅಲ್ಲಿ ಇರುವಾಗ ಗೊತ್ತಾಗುವುದಿಲ್ಲ, ಫೋಟೊ ನೋಡುವಾಗಲೇ ಗೊತ್ತಾಗುವುದು. ಕೆಂಪು ನೆಲವಾದರೆ ಒಂದು ಬಿಳಿ ಬೈರಾಸನ್ನು ಅಗಲಕ್ಕೆ ಹಾಸಿ, ಅದರ ಮೇಲೆ ಕಾಗದ ಇಡಿ. ಚೌಕಟ್ಟಿನ ಮೂಲೆಯಲ್ಲಿ ಒಂದು ತುಂಡು ಅಚ್ಚ ಬಿಳಿ ಕಾಗದ ಇದ್ದರೆ ನೋಡುವವರಿಗೆ ಉಳಿದ ಬಣ್ಣ ಎಷ್ಟು ವಾಲಿದೆ ಎಂದು ಅಂದಾಜು ಸಿಗುತ್ತದೆ.

ಹಿನ್ನೆಲೆಯ ವಿಚಾರದಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಬಿಳಿ ಬೀಜಕ್ಕೆ ಬೂದು ಅಥವಾ ಗಾಢ ನೀಲಿ ಕಾಗದ, ಕಪ್ಪು ಬೀಜಕ್ಕೆ ತಿಳಿಬಣ್ಣದ್ದು. ಹೊಳೆಯುವ ಕಾಗದ, ಸ್ಟೀಲು ತಟ್ಟೆ, ಹೂವಿನ ಚಿತ್ರದ ಮೇಜುಹಾಸು ಬೇಡ. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ: ಬಿಳಿಯೇ ತುಂಬಿದ್ದರೆ ಮೊಬೈಲು ಬೆಳಕು ಹೆಚ್ಚಾಯಿತೆಂದು ತಿಳಿದು ಚಿತ್ರವನ್ನು ಕಪ್ಪಾಗಿಸುತ್ತದೆ, ಕಪ್ಪೇ ತುಂಬಿದ್ದರೆ ಬೀಜವನ್ನು ಬಿಳಿಚಿಸಿಬಿಡುತ್ತದೆ. ಪರದೆಯಲ್ಲಿ ಬೀಜದ ಮೇಲೆಯೇ ಬೆರಳಿಟ್ಟು ಒತ್ತಿ ಹಿಡಿಯಿರಿ, ಹೆಚ್ಚಿನ ಮೊಬೈಲುಗಳಲ್ಲಿ ಒಂದು ಸೂರ್ಯನ ಗುರುತು ಬರುತ್ತದೆ, ಅದನ್ನು ಮೇಲೆ ಕೆಳಗೆ ಜಾರಿಸಿ ಬೀಜದ ಮೇಲ್ಮೈ ಕಾಣುವಂತೆ ಮಾಡಿ. ಕಾಗದ ಹೇಗೆ ಕಂಡರೂ ಚಿಂತೆಯಿಲ್ಲ.

ನಾಣ್ಯ ಸಾಕೇ?

ಸಾಲದು. ಅಳತೆಗೆ ಒಂದು ರೂಪಾಯಿ ಇಡುವುದು ಎಲ್ಲರ ಅಭ್ಯಾಸ. ಆದರೆ ಯಾವ ಒಂದು ರೂಪಾಯಿ? ನಮ್ಮ ಕೈಯಲ್ಲಿ ಓಡಾಡುವುದರಲ್ಲಿ ಹಳೆಯ ಸ್ಟೀಲಿನದು 25 ಮಿಲಿಮೀಟರ್ ಅಗಲ, 2011ರಿಂದ ಬಂದದ್ದು ಸುಮಾರು 22, 2019ರ ಸರಣಿಯದು 20. ಚಿತ್ರದಲ್ಲಿ ಮೂರೂ ಬರೀ ‘ಒಂದು ರೂಪಾಯಿ’. ಇಪ್ಪತ್ತಕ್ಕೂ ಇಪ್ಪತ್ತೈದಕ್ಕೂ ನಡುವಿನ ವ್ಯತ್ಯಾಸದಲ್ಲಿ 12 ಮಿಲಿಮೀಟರಿನ ಕುಂಬಳದ ಬೀಜ 15 ಮಿಲಿಮೀಟರಿನ ಚೀನಿಕಾಯಿಯ ಬೀಜವಾಗಿ ಕಾಣಬಹುದು. ಬೆಂಕಿಕಡ್ಡಿ, ಬೆರಳ ತುದಿ, ಅಕ್ಕಿಕಾಳು ಇವೂ ಅಷ್ಟೆ. ಅಕ್ಕಿ ಎಂದರೆ ಯಾವ ಅಕ್ಕಿ? ಬೆಳ್ತಿಗೆಯೋ ಕುಚ್ಚಿಲೋ?

ಮಕ್ಕಳ ಗ್ರಾಫ್ ಪುಸ್ತಕದ ಒಂದು ಹಾಳೆ ಹರಿದುಕೊಳ್ಳಿ. ಅದರ ಸಣ್ಣ ಚೌಕ ಒಂದು ಮಿಲಿಮೀಟರ್, ದಪ್ಪ ಗೆರೆಯ ಚೌಕ ಒಂದು ಸೆಂಟಿಮೀಟರ್. ನಂಬುವ ಮುನ್ನ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ ಇಟ್ಟು ಒಮ್ಮೆ ಪರೀಕ್ಷಿಸಿ. ಬೀಜವನ್ನು ನೇರ ಅದರ ಮೇಲೆಯೇ ಇಟ್ಟರೆ ಉದ್ದ ಅಗಲ ಎರಡೂ ಎಣಿಸಲು ಸಿಗುತ್ತವೆ. ಬಿಳಿ ಬೀಜ ಗ್ರಾಫಿನ ಮೇಲೆ ಕಾಣುವುದಿಲ್ಲ ಎನಿಸಿದರೆ ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ ಗಾಢ ಕಾಗದದ ಮೇಲೆ ಅಂಟಿಸಿ, ಬೀಜವನ್ನು ಪಟ್ಟಿಗೆ ತಾಗಿಸಿ ಇಡಿ. ದಪ್ಪ ಪ್ಲಾಸ್ಟಿಕ್ ಅಳತೆಪಟ್ಟಿಗಿಂತ ಇದು ಮೇಲು, ಏಕೆಂದರೆ ಹರಿವೆಯಂಥ ಸಣ್ಣ ಬೀಜದ ಪಕ್ಕದಲ್ಲಿ ಪ್ಲಾಸ್ಟಿಕ್ ಪಟ್ಟಿ ಗೋಡೆಯಷ್ಟು ಎತ್ತರ. ಬೀಜ ಸ್ಪಷ್ಟವಾದರೆ ಅಂಕಿ ಮಸುಕು, ಅಂಕಿ ಸ್ಪಷ್ಟವಾದರೆ ಬೀಜ ಮಸುಕು.

ಮೊಬೈಲನ್ನು ಹತ್ತಿರ ಒಯ್ಯಬೇಡಿ

ಅಂಗೈ ಫೋಟೊದಲ್ಲಿ ಆದ ತಪ್ಪು ಇದೇ. ಬೀಜ ಸಣ್ಣದೆಂದು ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದರೆ ಅದಕ್ಕೆ ದೃಷ್ಟಿ ನಿಲ್ಲುವುದಿಲ್ಲ. ಹದಿನೈದು ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿಯೇ ಇರಿಸಿ, ಎರಡು ಪಟ್ಟು ಜೂಮ್ ಮಾಡಿ, ಆಮೇಲೆ ಬೇಕಾದಷ್ಟು ಕತ್ತರಿಸಿಕೊಳ್ಳಿ. ಕಡಿಮೆ ಬೆಲೆಯ ಮೊಬೈಲುಗಳಲ್ಲಿ ಮ್ಯಾಕ್ರೊ ಎಂದು ಬೇರೆ ಕ್ಯಾಮೆರಾ ಇರುತ್ತದೆ. ಅದು ಹೆಚ್ಚಾಗಿ ಎರಡು ಮೆಗಾಪಿಕ್ಸೆಲಿನದು. ಅದಕ್ಕಿಂತ ಮುಖ್ಯ ಕ್ಯಾಮೆರಾದಿಂದ ದೂರ ನಿಂತು ತೆಗೆದದ್ದೇ ಮೇಲು ಎಂದು ನನ್ನ ಅನುಭವ.

ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಹನ್ನೆರಡು ಮೆಗಾಪಿಕ್ಸೆಲಿನ ಚಿತ್ರ ಅಡ್ಡಕ್ಕೆ ಸುಮಾರು 4000 ಚುಕ್ಕೆ. ಚೌಕಟ್ಟಿನಲ್ಲಿ ಎಂಟು ಸೆಂಟಿಮೀಟರ್ ಕಾಗದ ಹಿಡಿಸಿದರೆ ಒಂದು ಮಿಲಿಮೀಟರಿಗೆ 50 ಚುಕ್ಕೆ. ಕುಂಬಳದ ಬೀಜಕ್ಕೆ 500ಕ್ಕಿಂತ ಹೆಚ್ಚು ಚುಕ್ಕೆ ಸಿಗುತ್ತದೆ, ಧಾರಾಳ. ಹರಿವೆಯ ಬೀಜ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದಕ್ಕೆ 50 ಚುಕ್ಕೆ, ಬರೀ ಕರಿ ಬೊಟ್ಟು. ಅಂಥದ್ದಕ್ಕೆ ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಭೂತಗನ್ನಡಿಯನ್ನು ಮೊಬೈಲಿನ ಕಣ್ಣಿಗೆ ಒತ್ತಿ ಹಿಡಿಯಿರಿ, ಇಲ್ಲವೇ ಕ್ಲಿಪ್ ಹಾಕುವ ಲೆನ್ಸ್ ಕೊಳ್ಳಿ. ಚೌಕಟ್ಟು ಎರಡು ಸೆಂಟಿಮೀಟರಿಗೆ ಇಳಿದರೆ ಅದೇ ಬೀಜಕ್ಕೆ 200 ಚುಕ್ಕೆ. ಆಗ ಅದರ ಹೊಳಪು, ಸುತ್ತಲಿನ ತೆಳು ಅಂಚು ಎಲ್ಲ ಕಾಣುತ್ತವೆ.

ಕೈ ನಡುಗುವುದಕ್ಕೆ ಮದ್ದು: ಒಂದೇ ಎತ್ತರದ ಎರಡು ಡಬ್ಬಿಗಳ ಮೇಲೆ ಮೊಬೈಲನ್ನು ಸೇತುವೆಯಂತೆ ಮಲಗಿಸಿ, ನಡುವೆ ಕೆಳಗೆ ಬೀಜ. ಮೊಬೈಲು ಕಾಗದಕ್ಕೆ ಸಮಾನಾಂತರವಾಗಿರುತ್ತದೆ, ಅಳತೆ ಓರೆಯಾಗುವುದಿಲ್ಲ. ಟೈಮರನ್ನು ಮೂರು ಸೆಕೆಂಡಿಗೆ ಇಟ್ಟರೆ ಬೆರಳು ತಾಗಿದ ಅಲುಗಾಟವೂ ನಿಲ್ಲುತ್ತದೆ. ಮಳೆಗಾಲದಲ್ಲಿ ಲೆನ್ಸಿಗೆ ಆವಿ ಹಿಡಿದಿರುತ್ತದೆ, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿಕೊಳ್ಳಿ. ಮತ್ತೆ, ಫ್ಯಾನ್ ನಿಲ್ಲಿಸಿ. ಹರಿವೆಯ ಬೀಜ ಹಾರಿಹೋದಮೇಲೆ ಫ್ಯಾನಿನ ನೆನಪಾಗುವುದು ನನಗೊಬ್ಬನಿಗೇ ಅಲ್ಲ ಎಂದು ನಂಬಿದ್ದೇನೆ.

ಮುಖ, ಬೆನ್ನು, ಅಂಚು, ಕಣ್ಣು

ಒಂದು ಬೀಜಕ್ಕೆ ಮೂರೋ ನಾಲ್ಕೋ ಫೋಟೊ ಬೇಕು. ಹತ್ತು ಬೀಜ ಒಟ್ಟಿಗೆ ಚೆಲ್ಲಿದ್ದು ಒಂದು. ಎರಡು ಬೀಜ ಪಕ್ಕಪಕ್ಕ, ಒಂದರ ಮುಖ ಮೇಲೆ, ಇನ್ನೊಂದರ ಬೆನ್ನು ಮೇಲೆ. ಆಮೇಲೆ ಅಂಚಿನ ಮೇಲೆ ನಿಂತ ಬೀಜ. ದಪ್ಪ ಎಷ್ಟು, ಅಂಚು ಒಂದೇ ಗೆರೆಯೋ ಅಲೆಅಲೆಯೋ ಎಂಬುದು ಇದರಲ್ಲೇ ಗೊತ್ತಾಗುವುದು. ಚಪ್ಪಟೆ ಬೀಜ ನಿಲ್ಲುವುದಿಲ್ಲ, ಒಂದು ಚಿಟಿಕೆ ಕಲಸಿದ ಗೋಧಿಹಿಟ್ಟಿನಲ್ಲಿ ಊರಿ ನಿಲ್ಲಿಸಿ. ನಾನು ಒಮ್ಮೆ ಜಾಣತನ ಮಾಡಿ ಹಲಸಿನ ಮೇಣ ಹಚ್ಚಿದೆ. ಬೀಜ ಚೆನ್ನಾಗಿ ನಿಂತಿತು. ಇಂದಿಗೂ ಆ ಹಲಗೆಯ ಮೇಲೆ ನಿಂತೇ ಇದೆ.

ಕಾಳಿನ ಜಾತಿಗೆ ನಾಲ್ಕನೆಯ ಫೋಟೊ ತಪ್ಪಿಸುವಂತಿಲ್ಲ: ಕಣ್ಣು. ಬೀಜವು ಕೋಡಿಗೆ ಅಂಟಿಕೊಂಡಿದ್ದ ಕಲೆ ಅದು. ಅಲಸಂಡೆಯ ಮೈ ಕೆಂಪು, ಕಂದು, ಕಪ್ಪು, ಅರ್ಧ ಬಿಳಿ ಅರ್ಧ ಕೆಂಪು ಹೀಗೆ ಹೇಗೂ ಇರಬಹುದು. ಬಣ್ಣ ನೋಡಿ ಅಲಸಂಡೆ ಹೌದೋ ಅಲ್ಲವೋ ಹೇಳಲಾಗುವುದಿಲ್ಲ. ಕಣ್ಣು ಸಣ್ಣಗೆ, ಬೀಜದ ಒಳಬಾಗಿದ ಕಡೆ ಇರುತ್ತದೆ. ಅವರೆಗೆ ಒಂದು ತುದಿಯಲ್ಲಿ ಬಿಳಿಯ ಉದ್ದ ಏಣು, ಮೈದಾಹಿಟ್ಟಿನ ಗೆರೆ ಎಳೆದಂತೆ. ಖಡ್ಗದವರೆಯ ಕಣ್ಣು ಹೆಚ್ಚುಕಡಿಮೆ ಬೀಜದಷ್ಟೇ ಉದ್ದ. ಮೂರೂ ಒಟ್ಟಿಗೆ ಬೆರೆತಿದ್ದರೂ ಕಣ್ಣಿನ ಫೋಟೊ ನೋಡಿದ ಮಗು ಬೇರೆ ಮಾಡಿ ಕೊಡುತ್ತದೆ.

ಜೋಡಿ ಫೋಟೊ: ಇದನ್ನು ಮಾತ್ರ ಬಿಡಬೇಡಿ

ಬೀಜದ ಒಂಟಿ ಫೋಟೊ ಗುರುತು ಗೊತ್ತಿದ್ದವರಿಗೆ ಮಾತ್ರ ಉಪಯೋಗ. ಹೊಸಬರಿಗೆ ಬೇಕಾದದ್ದು ‘ಇದು ಹಾಗಲ’ ಎಂಬುದಕ್ಕಿಂತ ‘ಇದು ಹಾಗಲ, ಪಡುವಲ ಅಲ್ಲ, ಏಕೆಂದರೆ ಇಲ್ಲಿ ನೋಡು’ ಎಂಬುದು. ಆದ್ದರಿಂದ ಯಾವುದನ್ನು ಯಾವುದೆಂದು ತಪ್ಪು ತಿಳಿಯುತ್ತಾರೋ ಆ ಎರಡನ್ನು ಒಂದೇ ಕಾಗದದ ಮೇಲೆ, ಒಂದೇ ಬೆಳಕಿನಲ್ಲಿ, ಒಂದೇ ಅಳತೆಯ ಪಕ್ಕ ಇಟ್ಟು ತೆಗೆಯಿರಿ. ನನ್ನ ಬಳಿಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಕೆಳಗಿನ ಜೋಡಿಗಳಲ್ಲೇ ಮುಗಿಯುತ್ತವೆ.

ಹಾಗಲ ಮತ್ತು ಪಡುವಲ. ಎರಡೂ ದಪ್ಪ, ಒರಟು, ಕಂದು. ಹಾಗಲದ ಬೀಜ ಚೌಕಾಕಾರಕ್ಕೆ ಹತ್ತಿರ, ಮೈಮೇಲೆ ಕೆತ್ತನೆ ಮಾಡಿದಂಥ ಚಿತ್ತಾರ, ತುದಿಗಳಲ್ಲಿ ಸಣ್ಣ ಹಲ್ಲು. ಪಡುವಲದ್ದು ಬೂದು ಮಿಶ್ರಿತ ಕಂದು, ಇನ್ನಷ್ಟು ದಪ್ಪ, ಅಂಚು ಅಲೆಅಲೆಯಾಗಿ ಹಪ್ಪಳದ ಅಂಚಿನಂತೆ. ಕೆತ್ತನೆ ಕಾಣಲು ಓರೆ ಬೆಳಕು ಬೇಕು. ಕಾಗದವನ್ನು ಜಗಲಿಯ ಒಳಕ್ಕೆ ಎರಡಡಿ ಸರಿಸಿದರೆ ಬೆಳಕು ಒಂದೇ ಕಡೆಯಿಂದ ಬರುತ್ತದೆ.

ಹೀರೆ ಮತ್ತು ತುಪ್ಪದ ಹೀರೆ. ಎರಡೂ ಕಪ್ಪು, ಚಪ್ಪಟೆ. ಹೀರೆಯ ಮೈ ಸುಕ್ಕುಸುಕ್ಕು, ಗುಳಿಗುಳಿ. ತುಪ್ಪದ ಹೀರೆಯದು ನುಣುಪು, ಸುತ್ತ ಕಿರಿದಾದ ರೆಕ್ಕೆಯಂಥ ಅಂಚು. ಕಲ್ಲಂಗಡಿಯೂ ಕಪ್ಪೇ, ನುಣುಪೇ, ಆದರೆ ರೆಕ್ಕೆ ಇಲ್ಲ. ಮೂರನ್ನೂ ಒಂದೇ ಸಾಲಿನಲ್ಲಿಡಿ. ಕಪ್ಪು ಬೀಜದಲ್ಲಿ ಸೂರ್ಯನ ಗುರುತನ್ನು ಮೇಲಕ್ಕೆ ಜಾರಿಸಲು ಮರೆತರೆ ಮೂರೂ ಇದ್ದಿಲ ಚೂರು.

ಮೆಣಸು, ಬದನೆ, ಟೊಮೆಟೊ. ಮೂರೂ ಒಂದೇ ಕುಟುಂಬದವು, ಮೂರೂ ಮೂರು ಮಿಲಿಮೀಟರಿನ ಆಸುಪಾಸು, ಮೂರೂ ಚಪ್ಪಟೆ. ಟೊಮೆಟೊ ಬೀಜಕ್ಕೆ ಬೂದು ಬಣ್ಣದ ನವಿರು ರೋಮ ಇರುತ್ತದೆ, ಭೂತಗನ್ನಡಿಯಲ್ಲಿ ವೆಲ್ವೆಟ್ಟಿನಂತೆ. ಬದನೆ ನುಣುಪಾಗಿ ಹಳದಿ ಮಿಶ್ರಿತ ಕಂದು. ಮೆಣಸು ಇವೆರಡಕ್ಕಿಂತ ಸ್ವಲ್ಪ ದೊಡ್ಡದು, ತೆಳ್ಳಗೆ, ತಿಳಿಹಳದಿ, ಒಂದು ಕಡೆ ಸಣ್ಣ ಕೊಕ್ಕು.

ಈ ಮೂರರ ಜೊತೆಗೆ ಇಡಬೇಕಾದ ನಾಲ್ಕನೆಯದು ಒಂದು ಉಂಟು: ಉಮ್ಮತ್ತ, ಪುಸ್ತಕಗಳ ದತ್ತೂರ. ಕೊಟ್ಟಿಗೆಯ ಹಿಂದೆ, ಮಾರ್ಗದ ಬದಿಯಲ್ಲಿ ತಾನಾಗಿ ಬೆಳೆಯುತ್ತದೆ. ಅದರ ಬೀಜ ಮೆಣಸಿನ ಬೀಜವನ್ನು ಹೋಲುತ್ತದೆ, ಆದರೆ ತೀವ್ರ ವಿಷ. ದತ್ತೂರದ್ದು ಕಿವಿಯ ಆಕಾರ, ಮೆಣಸಿಗಿಂತ ದಪ್ಪ, ಕಂದು ಬಣ್ಣ, ಮೈಮೇಲೆ ಗುಳಿಗಳು. ಈ ಒಂದು ಜೋಡಿಯ ಫೋಟೊವನ್ನು ನಾನು ಯಾರು ಕೇಳದಿದ್ದರೂ ಕಳುಹಿಸುತ್ತೇನೆ. ಆ ಬೀಜ ಮುಟ್ಟಿದ ಕೈಯನ್ನು ಸಾಬೂನಿನಲ್ಲಿ ತೊಳೆಯಿರಿ, ಫೋಟೊ ಆದೊಡನೆ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಗುರುತಿಲ್ಲದ ಯಾವ ಬೀಜವನ್ನೂ ಫೋಟೊ ನೋಡಿ ಬಾಯಿಗೆ ಹಾಕಬಾರದು ಎಂಬುದನ್ನು ಚೀಟಿಯ ಮೇಲೆಯೇ ಬರೆದರೂ ತಪ್ಪಿಲ್ಲ.

ಇನ್ನು ನಮ್ಮ ಕತೆಯ ಕುಂಬಳ ಮತ್ತು ಚೀನಿಕಾಯಿ. ಚೀನಿಕಾಯಿಯದು ದೊಡ್ಡದು, ಹದಿನೈದರಿಂದ ಇಪ್ಪತ್ತು ಮಿಲಿಮೀಟರ್, ಮಾಸಲು ಬಿಳಿ, ಸುತ್ತ ಬೇರೆಯೇ ಬಣ್ಣದ ಅಂಚು. ಕುಂಬಳದ್ದು ಹತ್ತು ಹನ್ನೆರಡು, ಕೆನೆಬಣ್ಣ, ಅಂಚಿನಲ್ಲಿ ಎರಡು ಪದರ ಸೇರಿಸಿ ಹೊಲಿದಂಥ ಏಣು. ಏಣಿಲ್ಲದ ತಳಿಯೂ ಇದೆ, ಆದ್ದರಿಂದ ಅಳತೆಯೇ ದೊಡ್ಡ ಸಾಕ್ಷಿ. ಸೋರೆಯನ್ನು ಈ ಸಾಲಿಗೆ ಸೇರಿಸಿದರೆ ತಪ್ಪುವ ಭಯವಿಲ್ಲ. ಅದರ ಬೀಜ ಉದ್ದಕ್ಕೆ, ಕಂದು, ಮೈಮೇಲೆ ಉದ್ದ ಗೆರೆ, ಒಂದು ತುದಿಯಲ್ಲಿ ಎರಡು ಕಿವಿ.

ಫೋಟೊಕ್ಕೆ ಸಿಗದವು

ಸೌತೆಕಾಯಿ ಮತ್ತು ಮುಳ್ಳುಸೌತೆಯ ಜೋಡಿಯನ್ನು ಮೇಲೆ ಬೇಕೆಂದೇ ಬಿಟ್ಟೆ. ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ನಮ್ಮ ಸಾಂಬಾರಿನ ಸೌತೆಕಾಯಿ ಕರಬೂಜದ ಜಾತಿಗೆ ಸೇರಿದ್ದು, ಹಸಿಯಾಗಿ ತಿನ್ನುವ ಮುಳ್ಳುಸೌತೆ ಬೇರೆ ಜಾತಿ. ಆದರೆ ಬೀಜ ಎರಡಕ್ಕೂ ಒಂದೇ ರೂಪ: ಕೆನೆಬಣ್ಣ, ಸಪೂರ, ತುದಿ ಚೂಪು. ಪಕ್ಕಪಕ್ಕ ಇಟ್ಟರೆ ಮುಳ್ಳುಸೌತೆ ತುಸು ಬೆಳ್ಳಗೆ ಎನಿಸಬಹುದು, ಒಂಟಿಯಾಗಿ ಬಂದರೆ ನಾನಂತೂ ಪಂತ ಕಟ್ಟುವುದಿಲ್ಲ.

ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಜಾತಿಯ ಬೇರೆ ಬೇರೆ ರೂಪಗಳು. ಬೀಜ ಎಷ್ಟು ದೊಡ್ಡದು ಮಾಡಿ ನೋಡಿದರೂ ಅದೇ ಕಂದು ಗುಂಡು. ಕೆಂಪು ಹರಿವೆ, ಹಸಿರು ಹರಿವೆ ಎರಡರಲ್ಲೂ ಕಪ್ಪಾಗಿ ಹೊಳೆಯುವ ಬೀಜವೇ ಸಾಮಾನ್ಯ. ಮೆಣಸಿನ ಬೀಜ ನೋಡಿ ಮೆಣಸು ಎನ್ನಬಹುದು, ಯಾವ ಊರಿನ ಮೆಣಸು ಎನ್ನಲಾಗದು. ಇಂಥ ಕಡೆ ಫೋಟೊದ ಕೆಳಗೆ ‘ಬೀಜದಲ್ಲಿ ವ್ಯತ್ಯಾಸ ಕಾಣುವುದಿಲ್ಲ’ ಎಂದು ಬರೆದುಬಿಡಿ. ಇಷ್ಟು ಹೇಳುವವರು ಕಡಿಮೆ ಇರುವುದರಿಂದಲೇ ಹೊಸಬರು ಇಲ್ಲದ ವ್ಯತ್ಯಾಸ ಹುಡುಕುತ್ತ ಕಣ್ಣು ನೋಯಿಸಿಕೊಳ್ಳುತ್ತಾರೆ.

ಭತ್ತ ಕೈತೋಟದ ಬೀಜವಲ್ಲ, ಆದರೂ ಕೇಳುವವರಿದ್ದಾರೆ. ನಮ್ಮ ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದರು. ಅಷ್ಟು ತಳಿಗಳನ್ನು ಕಾಳಿನ ಫೋಟೊದಿಂದ ಬೇರೆ ಮಾಡುತ್ತೇನೆ ಎಂದು ಹೊರಡಬೇಡಿ. ಹೊಟ್ಟಿನ ಬಣ್ಣ, ಮೀಸೆ ಇದೆಯೋ ಇಲ್ಲವೋ, ಸುಲಿದ ಅಕ್ಕಿ ಕೆಂಪೋ ಬಿಳಿಯೋ ಇಷ್ಟು ತೋರಿಸಿದರೆ ಫೋಟೊದ ಕೆಲಸ ಮುಗಿಯಿತು. ಉಳಿದದ್ದು ಗದ್ದೆಯಲ್ಲಿ ಪೈರು ನಿಂತಮೇಲೆ.

ಚೀಟಿ ಚಿತ್ರದೊಳಗೇ ಇರಲಿ

ಫೋಟೊದ ಕೆಳಗೆ ಬರೆದ ಮಾತು ಮೂರನೆಯವರಿಗೆ ಹೋಗುವಾಗ ಉದುರಿಹೋಗುತ್ತದೆ. ಆದ್ದರಿಂದ ಬೀಜದ ಪಕ್ಕದಲ್ಲಿ ಒಂದು ಸಣ್ಣ ಚೀಟಿ ಇಟ್ಟೇ ಫೋಟೊ ತೆಗೆಯಿರಿ. ಕನ್ನಡದ ಹೆಸರು, ಗೊತ್ತಿದ್ದರೆ ತುಳು ಮತ್ತು ಮಲಯಾಳದ ಹೆಸರು (ಕನ್ನಡ ಲಿಪಿಯಲ್ಲೇ ಸಾಕು), ಊರು, ಕಾಯಿ ಕೊಯ್ದ ತಿಂಗಳು ಮತ್ತು ವರ್ಷ. ವರ್ಷ ಮುಖ್ಯ: ಹಳೆಯ ಬೀಜದ ಬಣ್ಣ ಮಾಸಿರುತ್ತದೆ, ಮತ್ತೆ ನೀರುಳ್ಳಿಯಂಥ ಬೀಜ ಒಂದು ವರ್ಷ ಕಳೆದರೆ ಮೊಳಕೆ ಬರುವ ಭರವಸೆಯೇ ಕಡಿಮೆ. ಹೆಸರು ಖಚಿತವಿಲ್ಲದಿದ್ದರೆ ಪ್ರಶ್ನೆಚಿಹ್ನೆ ಹಾಕಿ, ನಾಚಿಕೆ ಬೇಡ. ಸಾಧ್ಯವಿದ್ದರೆ ಕಾಯಿಯ ಫೋಟೊ ಒಂದನ್ನು ಜೊತೆಗಿಡಿ.

ಕಳುಹಿಸುವಾಗ ವಾಟ್ಸ್ಆ್ಯಪ್ ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಅಷ್ಟು ಕಷ್ಟಪಟ್ಟು ಗಳಿಸಿದ 200 ಚುಕ್ಕೆಗಳು ದಾರಿಯಲ್ಲೇ ಸೋರಿಹೋಗುತ್ತವೆ. ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಫೋಟೊ ತೆಗೆದ ಹತ್ತು ಬೀಜವನ್ನು ಬಿತ್ತಿ ಎಂದಿದ್ದೆನಲ್ಲ, ಅದರ ಲಾಭ ಈಗ. ಮೊಳಕೆ ಬಂದ ದಿನ ಒಂದು, ಮೊದಲ ನಿಜವಾದ ಎಲೆ ಬಿಡಿಸಿಕೊಂಡ ದಿನ ಇನ್ನೊಂದು ಫೋಟೊ ತೆಗೆದು ಬೀಜದ ಫೋಟೊದ ಜೊತೆ ಸೇರಿಸಿಡಿ. ಕೆಂಪು ಹರಿವೆ ಯಾವುದು, ಹಸಿರು ಯಾವುದು ಎಂದು ಬೀಜ ಹೇಳದ್ದನ್ನು ಎಳೆಗಿಡದ ದಂಟು ಹೇಳುತ್ತದೆ. ಬಳ್ಳಿ ತರಕಾರಿಗಳಲ್ಲಿ ಮೊದಲ ಎರಡು ದಪ್ಪ ದಳಗಳು ಎಲ್ಲಕ್ಕೂ ಒಂದೇ ರೀತಿ, ಅವನ್ನು ನೋಡಿ ಅವಸರ ಮಾಡಬೇಡಿ. ಚೀನಿಕಾಯಿಯ ಎಲೆ ಬೆಳೆಯುತ್ತ ನರಗಳ ಕವಲಿನಲ್ಲಿ ಬೆಳ್ಳಿ ಬಣ್ಣದ ಮಚ್ಚೆ ಮೂಡುವುದು ಹೆಚ್ಚು. ಕುಂಬಳದ ಎಲೆಗೆ ಬರೀ ರೋಮ.

ನೆರೆಮನೆಯ ಸೊಸೆಗೆ ಅಂದು ಇದರಲ್ಲಿ ಅರ್ಧದಷ್ಟನ್ನೂ ಹೇಳಿರಲಿಲ್ಲ. ಗ್ರಾಫ್ ಕಾಗದ, ಜಗಲಿ, ಎರಡು ಡಬ್ಬಿ ಎಂದಷ್ಟೇ ಬರೆದೆ. ಮರುದಿನ ಎರಡನೆಯ ಫೋಟೊ ಬಂತು: ನೀಲಿ ಕಾಗದ, ಹತ್ತು ಬೀಜ, ಹನ್ನೊಂದು ಚೌಕ ಉದ್ದ, ಅಂಚಿನಲ್ಲಿ ಹೊಲಿದಂಥ ಏಣು. “ಕುಂಬಳವೇ, ಅತ್ತೆಯ ಕುಂಬಳ” ಎಂದು ಉತ್ತರಿಸಿದೆ. ಚೀನಿಕಾಯಿಯ ಆಸೆಯಲ್ಲಿದ್ದ ಅವಳಿಗೆ ಸ್ವಲ್ಪ ಬೇಸರವಾಗಿರಬೇಕು, ಮತ್ತೆ ಮಾತಿಲ್ಲ. ಮಳೆ ಹಿಡಿದ ಒಂದು ವಾರಕ್ಕೆ ಮೂರನೆಯದು ಬಂತು. ಮಣ್ಣಿನಿಂದ ಆಗಷ್ಟೇ ಎದ್ದ ಮೊಳಕೆ, ತಲೆಯ ಮೇಲೆ ಟೊಪ್ಪಿಯಂತೆ ಅಂಟಿಕೊಂಡೇ ಇದ್ದ ಬೀಜದ ಸಿಪ್ಪೆ, ಅದರ ಬದಿಗೆ ಮಣ್ಣಿನಲ್ಲಿ ಚುಚ್ಚಿ ನಿಲ್ಲಿಸಿದ ಗ್ರಾಫ್ ಕಾಗದದ ಪಟ್ಟಿ. ಈ ಸಲ ಪ್ರಶ್ನೆ ಇರಲಿಲ್ಲ. ಚೀಟಿಯಲ್ಲಿ ‘ಕುಂಬಳ (ಇಲ್ಲಿಯದು)’ ಎಂದು ಬರೆದಿತ್ತು.